ಉತಾರದ ಮೂರನೆಯ ಕಾಲಂ, ಒಂಬತ್ತನೆಯ ಕಾಲಂ

ಖಾನಾಪುರ ತಾಲೂಕಿನ ನಂದಗಡದಲ್ಲಿ ತಂದೆಯ ಹೆಸರಿನ 4 ಎಕರೆ ಹೊಲ ಇಬ್ಬರು ಮಕ್ಕಳಿಗೆ ವಾಟ್ನಿ ಆಯಿತು ಎಂದುಕೊಳ್ಳೋಣ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತಂದೆಯ ಹೆಸರು ಕಡಿಮೆಯಾಗಬೇಕು, ಮಕ್ಕಳಿಬ್ಬರ ಹೆಸರಿಗೆ ಎರಡೆರಡು ಎಕರೆ ಏರಬೇಕು, ಈ ಹಕ್ಕು ಬದಲಾವಣೆಯ ಡೈರಿ ನಂಬರ್ ದಾಖಲಾಗಬೇಕು. ನಡುವೆ ಕರೆಂಟು ಹೋಗಿ ಮೊದಲ ಕೆಲಸವಷ್ಟೇ ಉಳಿದರೆ ಆ ಹೊಲಕ್ಕೆ ವಾರಸುದಾರರೇ ಇಲ್ಲದಂತಾಗುತ್ತದೆ. ಡೇಟಾಬೇಸಿನ ಟ್ರಾನ್ಸಾಕ್ಷನ್ ತಡೆಯುವುದು ಇದನ್ನೇ. ಬದಲಾವಣೆಗಳನ್ನು ಅದು ಮೊದಲು ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ಎಲ್ಲವೂ ಮುಗಿದರೆ ಕಮಿಟ್, ಇಲ್ಲದಿದ್ದರೆ ಯಂತ್ರ ಮತ್ತೆ ಶುರುವಾದಾಗ ಅರೆಬರೆ ಆದದ್ದೆಲ್ಲ ರದ್ದು. 1970ರ ದಶಕದಲ್ಲಿ ಐಬಿಎಂನಲ್ಲಿದ್ದು ಈ ವಿಚಾರಕ್ಕೆ ಗಟ್ಟಿ ರೂಪ ಕೊಟ್ಟ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದದ್ದು ಯೋಗ್ಯವೇ.

ಕೈಬರಹದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ದೊಡ್ಡ ಕೆಲಸ, ಅನುಮಾನವಿಲ್ಲ. ತಲಾಟಿಯ ದಪ್ತರದೊಳಗೆ ಯಾರಿಗೂ ಕಾಣದಂತೆ ಹೆಸರು ತಿದ್ದುವ ಕಾಲ ಅದರಿಂದ ಹಿಂದೆ ಸರಿಯಿತು. ಆದರೆ ಟ್ರಾನ್ಸಾಕ್ಷನ್ ಕೊಡುವ ಭರವಸೆಗೆ ಒಂದು ಷರತ್ತಿದೆ: ಸರಿಯಿದ್ದ ದಾಖಲೆಯನ್ನು ಅದು ಸರಿಯಾಗಿ ಉಳಿಸೀತು, ಮೊದಲೇ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಉತಾರದ 3ನೆಯ ಕಾಲಂನಲ್ಲಿ ಹೊಲದ ಒಟ್ಟು ವಿಸ್ತೀರ್ಣ, 9ನೆಯದರಲ್ಲಿ ಮಾಲೀಕರ ಹೆಸರು ಮತ್ತು ಅವರವರ ಪಾಲು. ಪಾಲುಗಳನ್ನು ಕೂಡಿಸಿದರೆ 3ನೆಯ ಕಾಲಂಗೆ ತಾಳೆಯಾಗಬೇಕು. ತಾಳೆಯಾಗದ ಉತಾರಗಳು ಇವೆ. ಹಳೆಯ ಪುಸ್ತಕದ ತಪ್ಪು ಹಾಗೆಯೇ ಕಂಪ್ಯೂಟರಿಗೆ ಬಂದು ಕೂತಿದೆ. ಅಚ್ಚಾದ ಹಾಳೆ ಕೈಬರಹಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುವುದರಿಂದ ಇದು ಇನ್ನೂ ಅಪಾಯದ್ದು.

ಇನ್ನೊಂದು ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಖರೀದಿ ಪತ್ರ ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ನೋಂದಣಿಯಾಗುತ್ತದೆ, ಉತಾರ ‘ಭೂಮಿ’ಯಲ್ಲಿ ಬದಲಾಗುತ್ತದೆ, ನಡುವಿನ ದಿನಗಳಲ್ಲಿ ಎರಡು ಕಡೆ ಎರಡು ಮಾಲೀಕರು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಸೇರಿಸಿ ಕ್ಷಣದಲ್ಲಿ ಮುಗಿಸಿ ಎನ್ನುವವರಿದ್ದಾರೆ. ಆದರೆ ಆ ದಿನಗಳು ಇರುವುದೇ ತಕರಾರು ಹೇಳಲಿಕ್ಕೆ. ಪಾಲು ಕೇಳದೆ ಬಿಟ್ಟ ಅಕ್ಕತಂಗಿಯರಿಗೆ ಉಳಿಯುವ ಅವಕಾಶವೂ ಅದೇ.

ನಂದಗಡದ ಜನರಿಗೆ ಜಮೀನಿನ ದಾಖಲೆಯ ಬಲವನ್ನು ಹೊಸದಾಗಿ ಹೇಳಬೇಕಿಲ್ಲ. 1831ರ ಜನವರಿ 26ರಂದು ಇಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ದಂಡು ಕಂಪನಿ ಸರಕಾರದ ಕಚೇರಿಗಳಿಗೆ ಬೆಂಕಿಯಿಟ್ಟು ಕಾಗದಪತ್ರ ಸುಟ್ಟಿತ್ತು.

ತಾಳೆಯಾಗದ ಉತಾರದವನು ಇಂದು ಹೊಲ ಮಾರಲು ಹೋದಾಗಲೇ ಎಡವುತ್ತಾನೆ. ಆಮೇಲೆ ತಿದ್ದುಪಡಿಗೆ ತಹಸೀಲ್ದಾರ್ ಕಚೇರಿಗೆ ಅವನದೇ ಓಡಾಟ. 3 ಮತ್ತು 9 ತಾಳೆಯಾಗದ ಸರ್ವೆ ನಂಬರುಗಳನ್ನು ಹುಡುಕಲು ಡೇಟಾಬೇಸಿಗೆ ಒಂದು ಪ್ರಶ್ನೆ ಸಾಕು. ಕಂದಾಯ ಇಲಾಖೆಯೇ ಆ ಪಟ್ಟಿ ತೆಗೆದು ಊರೂರಿನ ಚಾವಡಿಯಲ್ಲಿ ಹಚ್ಚಲಿ, ಅರ್ಜಿಗೆ ಕಾಯದೆ ತಿದ್ದಲಿ, ಇನ್ನು ಮುಂದೆ ಕೂಡದ ಲೆಕ್ಕ ಕಮಿಟ್ ಆಗದಂತೆ ಡೇಟಾಬೇಸಿನಲ್ಲೇ ನಿಯಮ ಹಾಕಲಿ.