ಛಲದ ಜೊತೆಗೆ ಲೆಕ್ಕವೂ ಬೇಕು

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ‘ಲೀಲಾವತೀಸ್ ಡಾಟರ್ಸ್’ ಎಂಬ ಇಂಗ್ಲಿಷ್ ಪುಸ್ತಕ ತಂದಿತು. ಸಂಪಾದಕರು ರೋಹಿಣಿ ಗೋಡ್ಬೋಲೆ ಮತ್ತು ರಾಮ್ ರಾಮಸ್ವಾಮಿ. ವಿಜ್ಞಾನವನ್ನೇ ಬದುಕಾಗಿಸಿಕೊಂಡ ನೂರರ ಹತ್ತಿರ ಹೆಂಗಸರ ಕತೆ ಇದರಲ್ಲಿದೆ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇರಬೇಕಾದ ಪುಸ್ತಕವೇ ಸರಿ. ಆದರೂ ನನ್ನದೊಂದು ತಕರಾರಿದೆ.

ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರನ್ನೇ ನೋಡಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. 1947ರ ಜುಲೈನಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹಡಗು ಹತ್ತಿದರು. ಮುಂದೆ ಪಿಎಚ್.ಡಿ.ಗೆ, ಏಷ್ಯಾದ ಹೆಂಗಸರಿಗೆಂದೇ ಮಿಷಿಗನ್ ವಿಶ್ವವಿದ್ಯಾಲಯ ಇಟ್ಟಿದ್ದ ಬಾರ್ಬರ್ ವೇತನ ಒದಗಿತು. 1953ರಲ್ಲಿ ಪದವಿ ಪಡೆದು ಬಂದಾಗ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ ಅಧ್ಯಾಪಕಿಯ ಕೆಲಸ ಸಿಕ್ಕಿತು. ಛಲ ಇತ್ತು, ನಿಜ. ಆ ಛಲಕ್ಕೆ ಎರಡು ಸಲ ಅನ್ನ ಇಟ್ಟವರಿದ್ದರು, ಆಮೇಲೆ ಕೂರಲು ಕುರ್ಚಿಯೂ ಇತ್ತು. ವೇದಿಕೆಯ ಭಾಷಣಗಳಲ್ಲಿ ಛಲದ ಮಾತಷ್ಟೇ ಬರುತ್ತದೆ.

ಕನಕಪುರ, ಮಾಗಡಿ ಕಡೆಯ ಹುಡುಗಿಗೆ ಬೇಕಾದದ್ದು ಆ ಲೆಕ್ಕ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಈ ಮೊತ್ತ 2023ರ ಜನವರಿಯಿಂದ ಬಂದದ್ದು. ವಯಸ್ಸಿನ ಮಿತಿ 30, ಹೆಂಗಸರಿಗೆ 5 ವರ್ಷ ರಿಯಾಯಿತಿ. ಬರೀ ನೆಟ್ ಪಾಸಾದರೆ ಅರ್ಹತೆ ಉಂಟು, ಹಣವಿಲ್ಲ. ಕೊನೆಗೆ ಉಳಿಯುವುದು ಅತಿಥಿ ಉಪನ್ಯಾಸಕಿಯ ಕೆಲಸ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಒಮ್ಮೆ ಅಂದಳು: “ಅತಿಥಿ ಅಂದ್ಮೇಲೆ ಎದ್ದು ಹೋಗ್ಲೇಬೇಕಲ್ವಾ ಮಿಸ್?” ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಈ ಪುಸ್ತಕದ ಕೊರತೆಯೂ ಇದೇ. ದಡ ಸೇರಿದವರ ಮಾತು ಇಲ್ಲಿದೆ. ಅಷ್ಟೇ ಜಾಣೆಯರಾಗಿ ನಡುನೀರಿನಲ್ಲಿ ಕೈಬಿಟ್ಟವರ ಮಾತಿಲ್ಲ. ಅವರು ಏಕೆ ಬಿಟ್ಟರೆಂದು ತಿಳಿಯದೆ, ಇವರು ಹೇಗೆ ಗೆದ್ದರೆಂದು ಪೂರ್ತಿ ತಿಳಿಯುವುದಿಲ್ಲ. ಓದುವ ಹುಡುಗಿ ತನ್ನ ಸೋಲಿಗೆ ತನ್ನನ್ನೇ ಹಳಿದುಕೊಂಡಾಳು.

ಹಾಗೆಂದು ಪುಸ್ತಕವನ್ನು ಬದಿಗಿಡಬೇಡಿ. ಮಗಳ ಕೈಗೆ ಕೊಡಿ. ಒಂದೊಂದು ಅಧ್ಯಾಯ ಮುಗಿದಾಗಲೂ ಮೂರು ಪ್ರಶ್ನೆ ಕೇಳಿಸಿ: ಇವರ ಓದಿಗೆ ಹಣ ಕೊಟ್ಟವರು ಯಾರು? ಎಷ್ಟು ವರ್ಷ ಕೊಟ್ಟರು? ಓದು ಮುಗಿದಾಗ ಕಾಯಂ ಕೆಲಸ ಇತ್ತೆ?