ಎರಡು ಕಾಫಿ, ಒಂದು ಪಿಸ್ತೂಲು

ಹೋದ ವಾರ ಹೇಳಿದಂತೆ ಈ ವಾರ ‘ಅಟಾಮಿಕ್ ಹಾರ್ಟ್’ ಬಗ್ಗೆ ಬರೆಯಬೇಕು. ಬರೆಯುತ್ತೇನೆ, ಆದರೆ ಅದಕ್ಕೆ ಇಡೀ ಅಂಕಣ ಬಿಟ್ಟುಕೊಡುವ ಮನಸ್ಸಿಲ್ಲ. 2023ರ ಫೆಬ್ರವರಿಯಲ್ಲಿ ಬಂದ ಆಟ ಇದು. ರಿಯಾಯಿತಿಯಲ್ಲಿ ಸಿಗತೊಡಗಿದ ಮೇಲೆ ದಾಂಡೇಲಿ, ಹಳಿಯಾಳದ ಹುಡುಗರು ಕೇಳುತ್ತಲೇ ಇದ್ದಾರೆ: ತಗೊಳ್ಳೋಣವೋ ಬೇಡವೋ?

ಮೊದಲ ಅರ್ಧ ತಾಸು ನೋಡಿದರೆ ತಗೊಳ್ಳಲೇಬೇಕು ಅನ್ನಿಸುತ್ತದೆ. 1955ರ ಸೋವಿಯತ್ ಒಕ್ಕೂಟ, ಆದರೆ ನಾವು ಓದಿದ್ದಲ್ಲ. ದುಡಿಮೆಯೆಲ್ಲ ರೋಬೋಟುಗಳದ್ದು, ಊರೇ ಮೋಡದ ಮೇಲೆ ತೇಲುತ್ತದೆ. ನಿಮ್ಮ ಕೈಯಲ್ಲಿ ಬಂದೂಕಿಲ್ಲ. ಕಾಲುವೆಯಲ್ಲಿ ದೋಣಿ ಸಾಗುತ್ತಿದೆ, ದಂಡೆಯ ಮೇಲೆ ಮೆರವಣಿಗೆ, ಬಿಸಿಲು, ಬಾವುಟ. ಆಮೇಲೆ ರೋಬೋಟುಗಳಿಗೆ ಹುಚ್ಚು ಹಿಡಿಯುತ್ತದೆ, ಆಟಕ್ಕೂ ಹಿಡಿಯುತ್ತದೆ. ನಾಯಕನ ಕೈಗವಸು ಮಾತಾಡುತ್ತದೆ, ನಿಲ್ಲಿಸುವುದೇ ಇಲ್ಲ. ಈ ಲೋಕ ಹೇಗೆ ನಡೆಯುತ್ತದೆ ಎಂದು ನಾವೇ ಕಣ್ಣಾಡಿಸಿ ತಿಳಿಯಬೇಕಾದ್ದನ್ನೆಲ್ಲ ಕೈಗವಸು ಕಿವಿಯಲ್ಲಿ ಊದುತ್ತದೆ. ಆಲ್ಲಾ ಪುಗಚೋವಾಳ ‘ಆರ್ಲೆಕಿನೋ’ ಹಾಡಿಗೆ ಗುಂಡಿನ ಕಾಳಗ ನಡೆಯುವುದು ಮಜವಾಗಿದೆ, ಒಪ್ಪುತ್ತೇನೆ. ಆದರೆ ಅದು 1975ರ ಹಾಡು. ಆಟ ಅದಕ್ಕೆ ಏನೇ ಸಮಜಾಯಿಷಿ ಕೊಡಲಿ, 1955 ಅಂತ ಹೇಳಿ ಕೂರಿಸಿದ ಮೇಲೆ ಆ 1955ರಲ್ಲಿ ಜನ ಏನು ಕೇಳುತ್ತಿದ್ದರು ಎಂದು ಯೋಚಿಸುವ ಕಷ್ಟ ತೆಗೆದುಕೊಳ್ಳಬೇಕಿತ್ತು.

ಆ ಕಷ್ಟ ತೆಗೆದುಕೊಂಡವರು ಇದ್ದಾರೆ. ‘ಅಟಾಮಿಕ್ ಹಾರ್ಟ್’ಗೆ ಸಂಗೀತ ಕೊಟ್ಟವರಲ್ಲಿ ಒಬ್ಬನಾದ ಮಿಕ್ ಗಾರ್ಡನ್ 2014ರಲ್ಲಿ ‘ವೂಲ್ಫೆನ್‌ಸ್ಟೈನ್: ದಿ ನ್ಯೂ ಆರ್ಡರ್’ಗೂ ಕೆಲಸ ಮಾಡಿದ್ದ. ಇನ್ನು ನನ್ನನ್ನು ತಡೆಯುವವರಿಲ್ಲ.

ಆ ಆಟದ ನಾಯಕ ಬ್ಲಾಜ್ಕೊವಿಚ್ ಯಾರು, 1946ರಲ್ಲಿ ಅವನ ತಲೆಗೆ ಏನಾಯಿತು, ಪೋಲೆಂಡಿನ ಹುಚ್ಚಾಸ್ಪತ್ರೆಯಲ್ಲಿ 14 ವರ್ಷ ಹೇಗೆ ಕಳೆದ ಎಂದು ಈ ಅಂಕಣದ ಓದುಗರಿಗೆ ಮತ್ತೆ ಹೇಳುವುದಿಲ್ಲ. ಎದ್ದಾಗ 1960, ಯುದ್ಧ ನಾಜಿಗಳು ಗೆದ್ದಾಗಿದೆ. ನನಗೆ ಬೇಕಾದದ್ದು ಬರ್ಲಿನ್‌ಗೆ ಹೋಗುವ ರಾತ್ರಿ ರೈಲು. ಬ್ಲಾಜ್ಕೊವಿಚ್ ತನಗೂ ಜೊತೆಗಿರುವ ಆನ್ಯಾಗೂ ಕಾಫಿ ತರಲು ಊಟದ ಬೋಗಿಗೆ ಹೋಗುತ್ತಾನೆ. ಅಲ್ಲಿ ಕೂತಿರುವುದು ಫ್ರೌ ಎಂಗೆಲ್, ಕ್ಯಾಂಪೊಂದರ ಅಧಿಕಾರಿಣಿ, ಪಕ್ಕದಲ್ಲಿ ಅವಳ ಎಳೆಪ್ರಾಯದ ಪ್ರಿಯಕರ. ಬಾ, ಕೂರು ಅನ್ನುತ್ತಾಳೆ. ಕೂರದೆ ಗತಿಯಿಲ್ಲ. ರಕ್ತ ಶುದ್ಧವೋ ಅಲ್ಲವೋ ನೋಡುತ್ತೇನೆಂದು ಎರಡೆರಡು ಚಿತ್ರದ ಕಾರ್ಡು ಇಟ್ಟು, ಒಂದನ್ನು ಆರಿಸು ಎನ್ನುತ್ತಾಳೆ. ಮೇಜಿನ ಮೇಲೆ, ಕೈಗೆ ಎಟಕುವ ಹಾಗೆ, ಪಿಸ್ತೂಲೂ ಇದೆ. ನೀವು ಒಂದು ಕಾರ್ಡು ಮುಟ್ಟುತ್ತೀರಿ, ಅವಳು ನಿಮ್ಮ ಮುಖ ನೋಡುತ್ತಾಳೆ. ಇನ್ನೊಂದು ಜೋಡಿ ಬರುತ್ತದೆ, ಮತ್ತೆ ಮುಖ ನೋಡುತ್ತಾಳೆ. ಅವಸರ ಮಾಡಿ ಪಿಸ್ತೂಲಿಗೆ ಕೈ ಹಾಕಿದಿರೋ, ಆಟ ಅಲ್ಲಿಗೆ ಮುಗಿಯಿತು. ಹಾಕದಿದ್ದರೆ ಕೊನೆಗೆ ಅವಳು ನಗುತ್ತಾಳೆ. ಪರೀಕ್ಷೆಯೇ ತಮಾಷೆ ಅಂತೆ. ಅಶುದ್ಧನಾಗಿದ್ದರೆ ಪಿಸ್ತೂಲು ಎತ್ತಿಕೊಳ್ಳುತ್ತಿದ್ದೆ ಎಂದು ಹೇಳಿ ಕಳಿಸಿಬಿಡುತ್ತಾಳೆ. ನೀವು ಕಾಫಿ ತೆಗೆದುಕೊಂಡು ವಾಪಸು ಬರುತ್ತೀರಿ.

ಗುಂಡು ಹಾರಿಸುವ ಆಟದಲ್ಲಿ ಒಂದೂ ಗುಂಡು ಹಾರದ ಈ ಕೆಲವು ನಿಮಿಷಗಳಲ್ಲಿ ಕೈ ಬೆವರಿದಷ್ಟು ಮುಂದಿನ ಯಾವ ಬಾಸ್ ಮುಂದೆಯೂ ಬೆವರುವುದಿಲ್ಲ. ನಾಜಿಗಳು ಗೆದ್ದಿದ್ದರೆ ಹೇಗಿರುತ್ತಿತ್ತು ಎಂಬುದಕ್ಕೆ ಆಟದಲ್ಲಿ ಮುಂದೆ ಬರುವ ಲಂಡನ್ನಿನ ದೈತ್ಯ ರೋಬೋಟು ಉತ್ತರವಲ್ಲ. ಕಾಫಿ ತರಲು ಹೋದವನು ತನ್ನ ರಕ್ತಕ್ಕೆ ಲೆಕ್ಕ ಕೊಡಬೇಕಾಗಿ ಬರುವುದು ಉತ್ತರ.

ಹಾಡುಗಳನ್ನೂ ನೋಡಿ. ನಾಜಿಗಳು ಗೆದ್ದ ಅರವತ್ತರ ದಶಕದಲ್ಲಿ ಪಾಪ್ ಸಂಗೀತ ಹೇಗಿರುತ್ತಿತ್ತು ಎಂದು ಯೋಚಿಸಿ, ಆ ಕಾಲದ್ದೇ ಅನ್ನಿಸುವಂಥ ಜರ್ಮನ್ ಹಾಡುಗಳನ್ನು ಹೊಸದಾಗಿ ಮಾಡಿಸಿದ್ದಾರೆ. ಬೀಟಲ್ಸ್ ಜಾಗದಲ್ಲಿ ‘ಡೀ ಕೇಫರ್’ ಎಂಬ ತಂಡವಿದೆ. ಗೊತ್ತಿರುವ ಕುಣಿಯುವ ರಾಗ, ಗೊತ್ತಿಲ್ಲದ ಭಾಷೆ. ಬೆನ್ನು ತಣ್ಣಗಾಗುತ್ತದೆ.

ಇಲ್ಲಿ ಹಳೆಯ ಬಾಕಿಯೊಂದನ್ನು ತೀರಿಸಬೇಕು. ಶೂಟಿಂಗ್ ಆಟಕ್ಕೆ ಕಥೆ ಯಾಕೆ, ಗುರಿ ಇಡಲು ಬಾರದವರು ಕಥೆ ನೋಡುತ್ತಾರೆ ಎನ್ನುವ ಪಬ್ಜಿ ಪಂಥದವರಿಗೆ ನನ್ನದೊಂದೇ ಪ್ರಶ್ನೆ. ಎರಾಂಗಲ್ ದ್ವೀಪದ ಅಷ್ಟೊಂದು ಮನೆಗಳ ಒಳಗೆ ನುಗ್ಗಿ ಲೂಟಿ ಮಾಡಿದ್ದೀರಲ್ಲ, ಆ ಮನೆಗಳಲ್ಲಿ ಯಾರಿದ್ದರು? 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾದಾಗ ಊರಿಗೇ ಸೂತಕ ಬಂದವರ ಹಾಗಿದ್ದಿರಿ. ಮರುವರ್ಷ ಹೆಸರು ಬದಲಿಸಿಕೊಂಡು ಬಂದಾಗ ಅದೇ ಖಾಲಿ ಮನೆಗಳಿಗೆ ನುಗ್ಗಿದಿರಿ. ಈ ಗಾಳಿ ಒಳ್ಳೆಯವರಿಗೂ ತಾಗಿತು. 2019ರ ‘ಯಂಗ್‌ಬ್ಲಡ್’ನಲ್ಲಿ ವೂಲ್ಫೆನ್‌ಸ್ಟೈನ್ ಮಾಡಿದವರೇ ಜೋಡಿ ಆಟ, ಲೆವೆಲ್ಲು, ಶತ್ರುಗಳ ತಲೆಯ ಮೇಲೊಂದು ಆಯುಷ್ಯದ ಪಟ್ಟಿ ಎಂದು ಕಥೆಯನ್ನು ಮೂಲೆಗೆ ತಳ್ಳಿದರು. ಅದರಲ್ಲಿ ಕಾಫಿ ತರಲು ಹೋಗುವವರು ಯಾರೂ ಇಲ್ಲ.

‘ನ್ಯೂ ಆರ್ಡರ್’ ಶುರುವಿನಲ್ಲಿ ಇಬ್ಬರು ಜೊತೆಗಾರರಲ್ಲಿ ಒಬ್ಬನನ್ನು ಸಾಯಲು ಬಿಡಬೇಕಾಗುತ್ತದಲ್ಲ, ಅಲ್ಲಿ ವಯಟ್‌ನನ್ನು ಉಳಿಸಿಕೊಂಡವರಿಗೆ ಮುಂದೆ ಜೇ ಎಂಬ ಕರಿಯ ಗಿಟಾರು ವಾದಕ ಸಿಗುತ್ತಾನೆ. ಫರ್ಗಸ್‌ನನ್ನು ಉಳಿಸಿದವರು ಅದಕ್ಕಾಗಿಯಾದರೂ ಇನ್ನೊಮ್ಮೆ ಆಡಬೇಕು. ಅಮೆರಿಕದ ಪರವಾಗಿ ಎದೆ ತಟ್ಟುವ ಬ್ಲಾಜ್ಕೊವಿಚ್‌ಗೆ ಅವನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ: ನಮ್ಮ ಪಾಲಿಗೆ ಅಲ್ಲಿ ನಾಜಿಗಳು ನೀವೇ ಆಗಿದ್ದಿರಿ. ಬದಲಾದ ಚರಿತ್ರೆಯ ಆಟವೊಂದು ನಿಜವಾದ ಚರಿತ್ರೆಯ ಕಾಲರು ಹಿಡಿಯುವ ಜಾಗ ಅದು.

ಆ ದೃಶ್ಯ ನೋಡಿದಾಗಲೆಲ್ಲ ನನಗೆ ಸಿದ್ದಿ ಬಸ್ತ್ಯಾಂವ್ ನೆನಪಾಗುತ್ತಾನೆ. 1857ರ ದಂಗೆಯ ಬೆನ್ನಿಗೇ ಇದೇ ಸೂಪಾ ಕಾಡಿನಲ್ಲಿ, ಗೋವಾ ಗಡಿಗೆ ತಾಗಿಕೊಂಡು, ಬ್ರಿಟಿಷರ ವಿರುದ್ಧ ಕಾದಾಡಿದ ಗುಂಪಿನವನು. ಫಡ್ನೀಸ್ ಸಹೋದರರ ಜೊತೆ ಇದ್ದವನು, 1859ರಲ್ಲಿ ಹತನಾದ. ಆಫ್ರಿಕದಿಂದ ತರಲ್ಪಟ್ಟವರ ಮೊಮ್ಮಕ್ಕಳ ಸಾಲಿನವನೊಬ್ಬ ಜೋಯಿಡಾ ಕಾಡಿನಲ್ಲಿ ಸರ್ಕಾರದ ಸುಂಕದ ಚೌಕಿಗಳಿಗೆ ಬೆಂಕಿಯಿಟ್ಟ ತಂಡದಲ್ಲಿದ್ದ. ನಾಯಕನನ್ನು ಹುಡುಕಲು ‘ನ್ಯೂ ಆರ್ಡರ್’ ಮಾಡಿದವರ ಸ್ವೀಡನ್ನಿಗೆ ಹೋಗಬೇಕೇ?

ಆ ಗುಂಪು ಗೆದ್ದಿದ್ದರೆ? ಮೋಡದ ಮೇಲೆ ತೇಲುವ ದಾಂಡೇಲಿ ನನಗೆ ಬೇಡ. ಆಟ 1870ರಲ್ಲಿ ಶುರುವಾಗಲಿ, ಸಣ್ಣ ಸಂಗತಿಗಳಲ್ಲಿ ವ್ಯತ್ಯಾಸ ಕಾಣಲಿ. ಕುಣಬಿಗಳು ಯಾರ ಅಪ್ಪಣೆಯನ್ನೂ ಕೇಳದೆ ಕುಮರಿ ಕಡಿದು ರಾಗಿ ಬಿತ್ತುತ್ತಿರಲಿ. ತೇಗದ ಮರದ ಮೇಲೆ ಸರ್ಕಾರದ ಮುದ್ರೆ ಇಲ್ಲದಿರಲಿ. ಕೈಯಲ್ಲಿ ಕೇಪಿನ ಕೋವಿ. ಒಂದು ಈಡು ಹಾರಿಸಿದರೆ ಮತ್ತೆ ಮದ್ದು ತುಂಬಿ, ಗಜ ಹಾಕಿ ಜಡಿದು, ಕೇಪು ಕೂರಿಸುವಷ್ಟರಲ್ಲಿ ಶತ್ರು ಮೈಮೇಲೆ. ಅಂಥ ಕೋವಿ ಹಿಡಿದವನು ಹಾರಿಸುವ ಮೊದಲು ಯೋಚಿಸುತ್ತಾನೆ, ಹೆಡ್‌ಶಾಟ್ ಶೂರರಿಗೂ ಬುದ್ಧಿ ಬರುತ್ತದೆ. ಪ್ರಾಣ ತುಂಬುವ ಪೆಟ್ಟಿಗೆಯ ಬದಲು ಜೋಯಿಡಾದ ಸುಟ್ಟ ಗೆಡ್ಡೆ. ಕಥೆಯ ಪೇಟೆ ಸೂಪಾ. ತಾಲೂಕಿಗೇ ಹೆಸರು ಕೊಟ್ಟಿದ್ದ ಆ ಊರು ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರಿನ ಅಣೆಕಟ್ಟು ಬಂದ ಮೇಲೆ ನೀರಿನಡಿ ಹೋಯಿತು, ಎಬ್ಬಿಸಿದವರನ್ನು ರಾಮನಗರದಲ್ಲಿ ಕೂರಿಸಿದರು. ಮುಳುಗಿದ ಊರಿನ ಬೀದಿಯಲ್ಲಿ ಮತ್ತೆ ನಡೆದಾಡಿಸುವುದು ವಿಡಿಯೊ ಗೇಮ್‌ಗೆ ಸಾಧ್ಯ.

ಚರಿತ್ರೆ ದಾರಿ ಬದಲಿಸಿದ್ದನ್ನು ಕಣ್ಣಾರೆ ನೋಡಬೇಕೆನ್ನುವವರು ಮುಂಡಗೋಡಕ್ಕೆ ಹೋಗಲಿ. 1416ರಲ್ಲಿ ಲಾಸಾ ಹತ್ತಿರ ಕಟ್ಟಿದ ಡ್ರೆಪುಂಗ್ ಮಠದ ಪರಂಪರೆ ಇವತ್ತು ಭತ್ತ, ಗೋವಿನಜೋಳದ ಗದ್ದೆಗಳ ನಡುವೆ ನಡೆಯುತ್ತಿದೆ. 1966ರಲ್ಲಿ ಅಲ್ಲಿ ಟಿಬೆಟನ್ನರ ವಸತಿ ಶುರುವಾದಾಗ ಇದನ್ನು ಯಾರಾದರೂ ಕಥೆಯಾಗಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಆಟ ಮಾಡುವವರು ನಮ್ಮಲ್ಲಿಲ್ಲ ಎನ್ನಬೇಡಿ. ‘ನ್ಯೂ ಆರ್ಡರ್’ ಮಾಡಿದ ಮಷೀನ್‌ಗೇಮ್ಸ್ ಕಟ್ಟಿದವರು ಸ್ಟಾರ್‌ಬ್ರೀಜ್ ಕಂಪನಿ ಬಿಟ್ಟು ಬಂದವರು. ಅದೇ ಸ್ಟಾರ್‌ಬ್ರೀಜ್ ಮುಂದೆ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕೊಂಡು, 2019ರಲ್ಲಿ ರಾಕ್‌ಸ್ಟಾರ್‌ಗೆ ಮಾರಿತು. ಪರದೇಶದ ಆಟಗಳಿಗೆ ಕಾರು, ಮರ, ಕಟ್ಟಡ ಬರೆದುಕೊಟ್ಟ ಕೈಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಹಳಿಯಾಳದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಈ ಸಲದ ಪ್ರಾಜೆಕ್ಟಿಗೆ ಜೋಂಬಿಗಳನ್ನು ಬಿಡಿ, 1883ರ ಕೆನರಾ ಗೆಜೆಟಿಯರ್ ತೆರೆದು ಸೂಪಾದ ಪುಟಗಳನ್ನು ಓದಿ.

ತೀರ್ಪು ಕೇಳಿದವರಿಗೆ: ‘ಅಟಾಮಿಕ್ ಹಾರ್ಟ್’ ರಿಯಾಯಿತಿಯಲ್ಲಿ ಸಿಕ್ಕರೆ ಆ ದೋಣಿ ಪ್ರಯಾಣಕ್ಕಾಗಿ ತಗೊಳ್ಳಿ, ಪೂರ್ತಿ ಬೆಲೆಗೆ ಬೇಡ. ‘ನ್ಯೂ ಆರ್ಡರ್’ ಇನ್ನೂ ಆಡದವರು ಮೊದಲು ಅದನ್ನು ಮುಗಿಸಿ. ಹದಿನೆಂಟು ದಾಟದವರಿಗೆ ಎರಡೂ ಅಲ್ಲ. ‘ನ್ಯೂ ಆರ್ಡರ್’ ಸುಮಾರು 50 ಜಿಬಿ ಜಾಗ ಕೇಳುತ್ತದೆ, ಜೋಯಿಡಾ ಕಡೆಯವರು ದಾಂಡೇಲಿಗೆ ಬಂದಾಗ ಡೌನ್‌ಲೋಡ್ ಮಾಡಿಕೊಂಡು ಹೋಗಿ.