ಆಸಾಡಿಯಲ್ಲಿ ಫೀಸು, ಬೇಸಿಗೆಯಲ್ಲಿ ವಿದ್ಯಾರ್ಥಿವೇತನ

“ಗೌರ್ಮೆಂಟ್ ಕಾಲೇಜ್ ಅಲ್ದಾ, ಖರ್ಚೆಂತ? ಸ್ಕಾಲರ್‌ಶಿಪ್ಪೂ ಬತ್ತಲ್ದಾ!” ಕುಂದಾಪುರದ ಬಸ್ ನಿಲ್ದಾಣದಲ್ಲಿ, ಬೈಂದೂರಿನ ಅಂಗಡಿ ಜಗಲಿಯಲ್ಲಿ, ಬ್ರಹ್ಮಾವರದ ಮದುವೆ ಊಟದ ಪಂಕ್ತಿಯಲ್ಲಿ ಈ ಮಾತು ಕೇಳದವರು ಕಡಿಮೆ. ಹೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಸರ್ಕಾರಿ ಕಾಲೇಜಿನ ಶುಲ್ಕ ನಿಜಕ್ಕೂ ಕಡಿಮೆ, ವಿದ್ಯಾರ್ಥಿವೇತನಗಳ ಪಟ್ಟಿಯೂ ಉದ್ದವಾಗಿದೆ. ಹಾಗಿದ್ದೂ ಓದು ಬಿಟ್ಟವರಿದ್ದರೆ ಅದು ಹುಡುಗರ ಉದಾಸೀನ ಅಥವಾ ಹೆತ್ತವರ ಅರಿವಿನ ಕೊರತೆ ಎಂದು ತೀರ್ಮಾನಿಸುವುದು ಸುಲಭ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇದು ಫೀಸನ್ನೇ ಖರ್ಚು ಎಂದು ತಿಳಿಯುತ್ತದೆ. ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಓದಿನ ನಿಜವಾದ ಖರ್ಚು ಇರುವುದು ದಾರಿಯಲ್ಲಿ ಮತ್ತು ತಿಂಗಳುಗಳ ಲೆಕ್ಕದಲ್ಲಿ.

ಮೊದಲು ಆಗಿರುವ ಒಳ್ಳೆಯದನ್ನು ಹೇಳಲೇಬೇಕು. 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಶುರುವಾದ ಕಾಲಕ್ಕೂ ಇವತ್ತಿಗೂ ಅಜಗಜಾಂತರವಿದೆ. ಬೈಂದೂರು, ಶಂಕರನಾರಾಯಣ, ಕೋಟೇಶ್ವರ, ಕೋಟ ಪಡುಕೆರೆ, ಬಾರ್ಕೂರುಗಳಲ್ಲಿ ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮುಖ ಕಂಡ ಸಾವಿರಾರು ಹೆಣ್ಣುಮಕ್ಕಳು ಈ ಕಾಲೇಜುಗಳಿಂದ ಹೊರಬಂದಿದ್ದಾರೆ. ಕಾಲೇಜನ್ನು ಮನೆಯ ಹತ್ತಿರ ತಂದದ್ದೇ ಇದನ್ನು ಸಾಧ್ಯವಾಗಿಸಿತು. ಶುಲ್ಕ ಇಳಿಸಿದ್ದು ಆಮೇಲಿನ ಮಾತು. ನಮ್ಮ ಶಿಕ್ಷಣದ ಚರ್ಚೆಯಲ್ಲಿ ಈ ಪಾಠ ಮಾತ್ರ ಎಲ್ಲೋ ಕಳೆದುಹೋಗಿದೆ.

ಇನ್ನು ದಾರಿಯ ವಿಷಯ. ಜಡ್ಕಲ್, ಮುದೂರು, ಯಡಮೊಗೆ, ಹೊಸಂಗಡಿ, ಅಮಾಸೆಬೈಲು: ಘಟ್ಟದ ಬುಡದ ಈ ಊರುಗಳಿಂದ ಕಾಲೇಜಿಗೆ ಬರುವವರಿಗೆ ಬಸ್ಸಿನ ಹೊತ್ತೇ ಕಾಲೇಜಿನ ಹೊತ್ತು. ಬೆಳಗಿನ ಬಸ್ಸು ತಪ್ಪಿದರೆ ಅವತ್ತಿನ ತರಗತಿಗಳೂ ಹೋದಂತೆ. ಸಂಜೆಯ ಬಸ್ಸು ಹಿಡಿಯಬೇಕಾದ ಹುಡುಗಿಗೆ ಗ್ರಂಥಾಲಯದಲ್ಲಿ ಒಂದು ಗಂಟೆ ಕೂರುವ ಭಾಗ್ಯವೂ ಇಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ರಾಜ್ಯದ ಎಷ್ಟೋ ಕಡೆ ಇದರಿಂದ ಕಾಲೇಜಿನ ದಾರಿ ಹಗುರವಾಗಿರುವುದು ನಿಜ. ಆದರೆ ಕರಾವಳಿಯ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಸರ್ಕಾರಿ ಬಸ್ಸೇ ಬಾರದ ರಸ್ತೆಯಲ್ಲಿ ಉಚಿತ ಟಿಕೆಟ್ಟಿಗೆ ಬೆಲೆಯಿಲ್ಲ. ಬೆಂಗಳೂರಿನಲ್ಲಿ ಕೂತು ಬರೆದ ಯೋಜನೆ ಯಡಮೊಗೆಗೆ ತಲುಪುವಷ್ಟರಲ್ಲಿ ಏನಾಗುತ್ತದೆ ಎಂಬುದನ್ನು ಅಲ್ಲಿಗೆ ಹೋಗಿ ನೋಡಿಯೇ ತಿಳಿಯಬೇಕು.

ಪದವಿ ಮುಗಿದ ಮೇಲಂತೂ ದಾರಿ ಒಮ್ಮೆಲೇ ಉದ್ದವಾಗುತ್ತದೆ. ನಮ್ಮ ಪಾಲಿನ ಸರ್ಕಾರಿ ವಿಶ್ವವಿದ್ಯಾಲಯ ಇರುವುದು ಕೊಣಾಜೆಯಲ್ಲಿ. ಬೈಂದೂರಿನಿಂದ ಮಂಗಳೂರಿಗೆ ಸುಮಾರು 120 ಕಿಲೋಮೀಟರ್, ಅಲ್ಲಿಂದ ಕೊಣಾಜೆಗೆ ಮತ್ತೂ 20ರ ಆಸುಪಾಸು. ಕೊಂಕಣ ರೈಲು ಇದ್ದರೂ ದಿನಾ ಹೋಗಿಬರುವ ದಾರಿ ಇದಲ್ಲ. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರ ಸೆಪ್ಟೆಂಬರ್‌ನಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಕರಾವಳಿಯ ಮಕ್ಕಳು ಓದಿಗಾಗಿ ಘಟ್ಟ ಹತ್ತುವುದು ತಪ್ಪಿತು. ದೂರವೂ ಒಂದು ಖರ್ಚೇ ಎಂದು ಅಂದು ಒಪ್ಪಿದ್ದೆವು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು, ಆಮೇಲೆ ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಾದವು. ಕಚೇರಿಗಳು ಜನರ ಬಳಿಗೆ ಬಂದವು. ಉಡುಪಿಯ ಅಜ್ಜರಕಾಡು, ತೆಂಕನಿಡಿಯೂರಿನ ಸರ್ಕಾರಿ ಕಾಲೇಜುಗಳಿಗೆ ಕೆಲವು ಸ್ನಾತಕೋತ್ತರ ತರಗತಿಗಳೂ ಬಂದವು. ಬ್ರಹ್ಮಾವರದವರಿಗೆ ಅದು ದೊಡ್ಡ ಉಪಕಾರ. ಬೈಂದೂರಿನವರಿಗೆ ಅದೂ ದೂರವೇ.

ಈ ದೂರಕ್ಕೆ ವಿದ್ಯಾರ್ಥಿವೇತನ ಎಷ್ಟು ಕೊಡುತ್ತದೆ ನೋಡೋಣ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇವುಗಳಲ್ಲೆಲ್ಲ ಹಳೆಯದು, ದೊಡ್ಡದು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದನ್ನು ಪರಿಷ್ಕರಿಸಿ, ಕೇಂದ್ರದ ಪಾಲು ಶೇ 60 ಎಂದು ನಿಗದಿ ಮಾಡಿ, ಐದು ವರ್ಷಕ್ಕೆ 59,048 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊತ್ತ ಕೇಳಿದರೆ ಎದೆ ತುಂಬುತ್ತದೆ. ಆದರೆ ಅದರ ಮಾರ್ಗಸೂಚಿಯ ಪ್ರಕಾರ ಬಿ.ಎ., ಬಿ.ಕಾಂ. ಓದುತ್ತ ಮನೆಯಿಂದ ಓಡಾಡುವ ವಿದ್ಯಾರ್ಥಿಗೆ ಶುಲ್ಕದ ಹೊರತಾಗಿ ಸಿಗುವ ಭತ್ಯೆ ವರ್ಷಕ್ಕೆ 3,000 ರೂಪಾಯಿ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 300. ಎಂ.ಎ. ಓದುತ್ತ ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ 9,500, ಅಂದರೆ ತಿಂಗಳಿಗೆ 950. ಹಿಂದುಳಿದ ವರ್ಗಗಳ ‘ವಿದ್ಯಾಸಿರಿ’ ಹಾಸ್ಟೆಲ್ ಸಿಗದವರ ಊಟ-ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳ ನೆರವಾಗಿ ಶುರುವಾಯಿತು. 2021ರಲ್ಲಿ ಘೋಷಣೆಯಾದ ‘ರೈತ ವಿದ್ಯಾನಿಧಿ’ ಪದವಿ ಓದುವ ಹುಡುಗನಿಗೆ 5,000, ಹುಡುಗಿಗೆ 5,500, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಎಂದು ಗೊತ್ತುಮಾಡಿತು. ಮರು ವರ್ಷ ಮೀನುಗಾರರ ಮಕ್ಕಳನ್ನೂ ಸೇರಿಸಿಕೊಂಡಿತು. ಎಲ್ಲವೂ ಸ್ವಾಗತಾರ್ಹ. ಆದರೆ ಕೋಟೇಶ್ವರದ ಕಾಲೇಜಿಗೆ ನಡೆದುಕೊಂಡು ಬರುವ ಹುಡುಗಿಗೂ ಎರಡು ಬಸ್ಸು ಬದಲಿಸಿ ಬರುವ ಹೊಸಂಗಡಿಯ ಹುಡುಗಿಗೂ ಸಿಗುವುದು ಒಂದೇ ಮೊತ್ತ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಜೀವನವೆಚ್ಚದ ಸಾಲದ ಮಿತಿ, ಮನೆಯಲ್ಲಿದ್ದು ಓದುವವರಿಗೆ ಒಂದು, ಮನೆ ಬಿಟ್ಟವರಿಗೆ ಇನ್ನೊಂದು, ಲಂಡನ್ನಿನಲ್ಲಿರುವವರಿಗೆ ಮತ್ತೊಂದು. ನಮ್ಮಲ್ಲಿ ಹಾಸ್ಟೆಲ್ ಸಿಕ್ಕವರಿಗೆ, ಸಿಗದವರಿಗೆ ಬೇರೆ ಬೇರೆ ಲೆಕ್ಕವಿದೆ. ದಿನಾ ಓಡಾಡುವವರ ದಾರಿಯನ್ನು ಅಳೆದವರಿಲ್ಲ.

ಮೊತ್ತಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದು ಕೈಗೆ ಬರುವ ಕಾಲ.

ಕರಾವಳಿಯ ದುಡಿಮೆಗೆ ಒಂದು ಪಂಚಾಂಗವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಹಾಕಿಕೊಂಡಿರುತ್ತವೆ. ಮರವಂತೆ, ಉಪ್ಪುಂದ, ಕೊಡೇರಿಯ ನಾಡದೋಣಿಗಳು ಕಡಲು ಬಿಟ್ಟುಕೊಟ್ಟ ದಿನ ಮಾತ್ರ ಇಳಿಯುತ್ತವೆ. ಮಳೆ ಹಿಡಿದರೆ ಕೆಂಪುಕಲ್ಲಿನ ಪಣೆಗಳು ನಿಲ್ಲುತ್ತವೆ, ಗಾರೆ ಕೆಲಸ ನಿಲ್ಲುತ್ತದೆ. ಗದ್ದೆ ಇದ್ದವರಿಗೆ ಹೂಟಿ, ನಟ್ಟಿ ಎಂದು ಕೈಯಿಂದ ದುಡ್ಡು ಹೋಗುವ ಕಾಲ. ಆಸಾಡಿ ಎಂದರೆ ಡಬ್ಬಿಯ ತಳ ಕೆರೆಯುವ ತಿಂಗಳು ಎಂದು ನಮ್ಮ ಹಿರಿಯರು ಅನುಭವಿಸಿ ಬಲ್ಲರು. ಪದವಿಯ ಪ್ರವೇಶಕ್ಕೆ ಹಣ ಕಟ್ಟುವುದೂ ಇದೇ ಮಳೆಗಾಲದಲ್ಲಿ. ಪ್ರವೇಶ ಶುಲ್ಕ, ಪುಸ್ತಕ, ಬಸ್ ಪಾಸು, ಕೊಡೆ, ಹಾಸ್ಟೆಲ್ಲಿನ ಮುಂಗಡ, ಎಲ್ಲಕ್ಕೂ ಒಂದೇ ಸಲ ದುಡ್ಡು ಬೇಕು. ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆಯುವುದು ಪ್ರವೇಶ ಮುಗಿದ ಮೇಲೆ, ಖಾತೆಗೆ ಹಣ ಬೀಳುವುದು ಅದಕ್ಕೂ ಎಷ್ಟೋ ತಿಂಗಳ ನಂತರ, ಅನೇಕರಿಗೆ ಮುಂದಿನ ಬೇಸಿಗೆಯ ಹೊತ್ತಿಗೆ.

ಹಾಗಾಗಿ ನಮ್ಮ ವಿದ್ಯಾರ್ಥಿವೇತನ, ಖರ್ಚನ್ನು ಹೇಗೋ ಹೊಂದಿಸಿಕೊಂಡು ಕಾಲೇಜಿನಲ್ಲಿ ಉಳಿದವರಿಗೆ ಸಿಗುವ ಮರುಪಾವತಿ. ಜುಲೈಯಲ್ಲಿ ಎರಡು ಸಾವಿರ ಹೊಂದದೆ ಬೆಂಗಳೂರಿನ ಹೋಟೆಲಿಗೆ ಬಸ್ಸು ಹತ್ತಿದ ಹುಡುಗ ಅರ್ಜಿಯನ್ನೇ ಹಾಕುವುದಿಲ್ಲ. ಅವನು ಯಾವ ಅಂಕಿಅಂಶದಲ್ಲೂ ಇಲ್ಲ. ಇಷ್ಟು ಲಕ್ಷ ಅರ್ಜಿ ಬಂತು, ಇಷ್ಟು ಲಕ್ಷ ಮಂಜೂರಾಯಿತು ಎಂದು ಇಲಾಖೆ ಹೇಳುವಾಗ ಲೆಕ್ಕ ಸರಿಯಾಗಿಯೇ ಇರುತ್ತದೆ. ಲೆಕ್ಕ ಶುರುವಾಗುವ ಮೊದಲೇ ಹೊರಟುಹೋದವರನ್ನು ಎಣಿಸುವವರು ಯಾರು? 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ 93.90 ಪಡೆದು ರಾಜ್ಯಕ್ಕೇ ಮೊದಲಾಯಿತು. ನನಗೂ ಹೆಮ್ಮೆ ಇದೆ. ಹಾಗೆ ಪಾಸಾದವರಲ್ಲಿ ಆಗಸ್ಟ್ ಹೊತ್ತಿಗೆ ಯಾರು ಎಲ್ಲಿದ್ದಾರೆ ಎಂಬ ಪಟ್ಟಿಯನ್ನೂ ಅಷ್ಟೇ ಸಂಭ್ರಮದಿಂದ ಪ್ರಕಟಿಸುವ ದಿನ ಬರಬೇಕು.

ಇದೇ ಸೀಮೆಯ ಹುಡುಗರು ಹಿಂದೆ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ಓದಿದ ಕತೆ ನಮಗೆಲ್ಲ ಗೊತ್ತು. ಅವರ ಛಲವನ್ನು ಹೊಗಳುವ ನಾವು, ಅವರನ್ನು ಓದಿಸಿದ ವ್ಯವಸ್ಥೆಯನ್ನು ಮರೆಯುತ್ತೇವೆ. ಮೊಗವೀರರು, ಬಿಲ್ಲವರು ಮೊದಲಾದವರ ಸಂಘಟನೆಗಳು ಅಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ದುಡಿಯುವವನಿಗೆ ಹಗಲಿನ ಶಾಲೆ ಉಚಿತವಾಗಿ ಕೊಟ್ಟರೂ ಉಪಯೋಗವಿಲ್ಲ ಎಂದು ಆ ಹಿರಿಯರು ಅರಿತಿದ್ದರು. ಹುಡುಗನ ದಿನಚರಿ ನೋಡಿ ಶಾಲೆಯ ಹೊತ್ತು ಇಟ್ಟರು. ಹೆಚ್ಚು ಓದದಿದ್ದ ಆ ಜನರಿಗೆ ಇದ್ದ ಈ ತಿಳಿವಳಿಕೆ, ಇಷ್ಟೆಲ್ಲ ಗಣಕೀಕರಣವಾದ ನಮ್ಮ ಇಲಾಖೆಗಳಿಗೆ ಏಕಿಲ್ಲ ಎಂಬುದು ನನ್ನ ದೊಡ್ಡ ನೋವು.

ಸರ್ಕಾರದ ಕಡೆಯವರು ಇದಕ್ಕೆ ಕೊಡುವ ಉತ್ತರವೂ ಇದೆ: ಮುಂಚಿತವಾಗಿ ಕೊಟ್ಟರೆ ದುರುಪಯೋಗವಾಗುತ್ತದೆ, ಪರಿಶೀಲನೆ ಬೇಕು. ಮೋಸ ನಡೆದದ್ದು ಸುಳ್ಳಲ್ಲ. 2023ರಲ್ಲಿ ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನವನ್ನು ತನಿಖೆ ಮಾಡಿಸಿದಾಗ, ಪರಿಶೀಲಿಸಿದ 1,572 ಸಂಸ್ಥೆಗಳಲ್ಲಿ 830 ನಕಲಿ ಎಂದು ಕಂಡುಬಂತು. ಆದರೆ ಅಲ್ಲಿ ಸಿಕ್ಕಿಬಿದ್ದದ್ದು ನಕಲಿ ಸಂಸ್ಥೆಗಳು. ಪರಿಶೀಲನೆಯ ಭಾರ ಬೀಳುವುದು ಮಾತ್ರ ನಿಜವಾದ ವಿದ್ಯಾರ್ಥಿಯ ತಲೆಯ ಮೇಲೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಕಾಲೇಜಿನ ಇ-ದೃಢೀಕರಣ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ ಇದ್ದರೆ ಅರ್ಜಿ ಅಲ್ಲೇ ನಿಂತಿತು. ಒಂದೊಂದಕ್ಕೂ ನಾಡಕಚೇರಿ, ಸೈಬರ್ ಸೆಂಟರ್, ಬ್ಯಾಂಕು ಎಂದು ಅಲೆದಾಟ, ಒಂದೊಂದು ಅಲೆದಾಟಕ್ಕೂ ಅಪ್ಪನದೋ ಅಮ್ಮನದೋ ಒಂದು ದಿನದ ಕೂಲಿ ಖೋತಾ. “ಅರ್ಜಿ ಹಾಕುವುದಿಲ್ಲ, ಅರಿವಿಲ್ಲ” ಎಂದು ಬೈಯುವವರು ಈ ಕೂಲಿಯನ್ನೂ ಓದಿನ ಖರ್ಚಿಗೆ ಸೇರಿಸಲಿ.

ಆದಾಯದ ಮಿತಿಯದೂ ಇದೇ ಕತೆ. ಹಿಂದುಳಿದ ವರ್ಗಗಳ ಕೆಲವು ಯೋಜನೆಗಳಲ್ಲಿ ವರ್ಷಗಟ್ಟಲೆ 1 ಲಕ್ಷ ರೂಪಾಯಿಯ ಮಿತಿ ಇತ್ತು. ದಿನಕ್ಕೆ 274 ರೂಪಾಯಿ. ಇಡೀ ಸಂಸಾರದ ಆದಾಯ ಅಷ್ಟೇ ಎಂದು ಬರೆಸಿಕೊಳ್ಳಬೇಕಾದ ಸ್ಥಿತಿಗೆ ಮರ್ಯಾದಸ್ಥ ಕೂಲಿಕಾರನನ್ನು ತಳ್ಳುವ ನಿಯಮ ಒಳ್ಳೆಯ ನಿಯಮವಲ್ಲ. ಕೊಡುವುದಾಗಿ ಹೇಳಿದ್ದನ್ನು ನಡುದಾರಿಯಲ್ಲಿ ಇಳಿಸುವುದು ಇನ್ನೂ ಕೆಟ್ಟದ್ದು. 2023ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವನ್ನು ಭಾರಿಯಾಗಿ ಕಡಿತ ಮಾಡಿದಾಗ, ಓದುತ್ತಿದ್ದ ಹೆಣ್ಣುಮಕ್ಕಳು ಹೈಕೋರ್ಟಿನವರೆಗೆ ಹೋಗಬೇಕಾಯಿತು.

“ನಮ್ಮಲ್ಲಿ ದಾನಿಗಳಿಗೆ ಬರವಿಲ್ಲ” ಎಂಬ ಇನ್ನೊಂದು ಮಾತಿದೆ. ನಿಜವೇ. ಜಾತಿ ಸಂಘಗಳು, ದೇವಸ್ಥಾನಗಳು, ಮುಂಬಯಿ-ಗಲ್ಫಿನಲ್ಲಿರುವ ಊರವರು ಕೈಬಿಚ್ಚಿ ಕೊಡುತ್ತಾರೆ. ಉಡುಪಿಯ ಯಕ್ಷಗಾನ ಕಲಾರಂಗದ ‘ವಿದ್ಯಾಪೋಷಕ್’ ಬಗ್ಗೆ ನನಗೆ ವಿಶೇಷ ಗೌರವವಿದೆ. ಅವರು ವಿದ್ಯಾರ್ಥಿಯ ಮನೆಗೇ ಹೋಗಿ ನೋಡುತ್ತಾರೆ. ಸೋರುವ ಮಾಡನ್ನು ಕಣ್ಣಾರೆ ಕಂಡವರಿಗೆ ಬೇರೆ ಪ್ರಮಾಣಪತ್ರ ಬೇಡ. ಎಷ್ಟೋ ಮಕ್ಕಳಿಗೆ ಮನೆಯನ್ನೇ ಕಟ್ಟಿಸಿಕೊಟ್ಟಿದ್ದಾರೆ. ಸರ್ಕಾರ ಕಲಿಯಬೇಕಾದದ್ದು ಇಲ್ಲಿದೆ. ಆದರೆ ದಾನ ಎಲ್ಲರಿಗೂ ಸಿಗುವುದಿಲ್ಲ. ತನ್ನ ಜಾತಿಗೆ ಬಲವಾದ ಸಂಘವಿಲ್ಲದ ಕೊರಗರ ಹುಡುಗಿ, ಅಂಕ ಅರವತ್ತರ ಆಸುಪಾಸಿನ ಹುಡುಗ, ವೇದಿಕೆ ಹತ್ತಿ ಲಕೋಟೆ ತೆಗೆದುಕೊಳ್ಳಲು ಮುಜುಗರಪಡುವವಳು ಇದರಿಂದ ಹೊರಗೇ ಉಳಿಯುತ್ತಾರೆ. ಸಾಧಾರಣ ಅಂಕದವರಿಗೂ ಓದುವ ಹಕ್ಕಿದೆ ಎಂಬುದೇ ಸಾರ್ವಜನಿಕ ವಿಶ್ವವಿದ್ಯಾಲಯದ ತಳಪಾಯ.

ನಮ್ಮ ಮಂಗಳೂರು ವಿಶ್ವವಿದ್ಯಾಲಯವೇ ಈಗ ಹಣದ ಮುಗ್ಗಟ್ಟಿನಲ್ಲಿದೆ. ವಿದ್ಯಾರ್ಥಿಗಳು ಕಡಿಮೆ ಇರುವ ವಿಭಾಗಗಳನ್ನು ಮುಚ್ಚುವ ಮಾತು ಬರುತ್ತದೆ. ಮಂಗಳೂರಿನಿಂದ ಬೇರ್ಪಟ್ಟು 2023ರಲ್ಲಿ ಹುಟ್ಟಿದ ಕೊಡಗು ವಿಶ್ವವಿದ್ಯಾಲಯವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಚರ್ಚೆ 2025ರಲ್ಲಿ ಸಂಪುಟ ಉಪಸಮಿತಿಯ ಮುಂದೆ ಬಂತು. ಹಾಗಾಗಿ ಕುಂದಾಪುರಕ್ಕೊಂದು ವಿಶ್ವವಿದ್ಯಾಲಯ ಬೇಕೆಂದು ನಾನು ಕೇಳುವುದಿಲ್ಲ. ಬೋರ್ಡು ಹಾಕಿ ಬೋಧಕರನ್ನು ಕೊಡದ ಸಂಸ್ಥೆ ಯಾರಿಗೂ ಬೇಡ. ಇರುವ ಸರ್ಕಾರಿ ಕಾಲೇಜುಗಳಲ್ಲೊಂದಕ್ಕೆ, ಕುಂದಾಪುರ-ಬೈಂದೂರಿನ ನಡುವೆ ಎಲ್ಲಿಯಾದರೂ ಸರಿ, ಕನ್ನಡ, ವಾಣಿಜ್ಯ, ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಗಳನ್ನು ಕಾಯಂ ಬೋಧಕರೊಂದಿಗೆ ಕೊಡಲಿ. ಅದರ ಪಕ್ಕದಲ್ಲೇ ಹೆಣ್ಣುಮಕ್ಕಳಿಗೊಂದು ಹಾಸ್ಟೆಲ್ ಇರಲಿ.

ವಿದ್ಯಾರ್ಥಿವೇತನದ ವಿಷಯದಲ್ಲಿ ಹೊಸ ಯೋಜನೆಯೂ ಬೇಕಿಲ್ಲ. ದ್ವಿತೀಯ ಪಿಯು ಫಲಿತಾಂಶ ಈಚಿನ ವರ್ಷಗಳಲ್ಲಿ ಏಪ್ರಿಲ್‌ನಲ್ಲೇ ಬರುತ್ತಿದೆ. ಯಾರು ಪಾಸಾದರು ಎಂದು ಮಂಡಳಿಗೆ ಗೊತ್ತು. ಜಾತಿ, ಆದಾಯದ ವಿವರ ಕಂದಾಯ ಇಲಾಖೆಯ ಗಣಕಯಂತ್ರದಲ್ಲಿದೆ, ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಪಿಯುನಲ್ಲಿ ವಿದ್ಯಾರ್ಥಿವೇತನ ಪಡೆದವರ ಖಾತೆ ಸಂಖ್ಯೆಯೂ ಇಲಾಖೆಯ ಬಳಿಯೇ ಇದೆ. ಇವನ್ನೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ ಒಟ್ಟುಮಾಡಿ, ಅರ್ಹರಿಗೆ ವರ್ಷದ ಮೊತ್ತದ ಅರ್ಧವನ್ನಾದರೂ ಬೋಟು ದಡ ಸೇರುವ ಜೂನ್ ಮೊದಲ ವಾರದೊಳಗೆ ಖಾತೆಗೆ ಹಾಕಬಹುದು. ಪ್ರವೇಶ ಪಡೆಯದವರ ಉಳಿದ ಕಂತನ್ನು ತಡೆಹಿಡಿಯಬಹುದು. ಒಂದಿಷ್ಟು ಹಣ ಓದದವರ ಪಾಲಾಗಬಹುದು, ಆಗಲಿ. ಈಗಿನ ಪದ್ಧತಿಯಲ್ಲಿ ನಾವು ಪ್ರತಿ ಮಳೆಗಾಲ ಕಳೆದುಕೊಳ್ಳುತ್ತಿರುವ ಮಕ್ಕಳಿಗೆ ಹೋಲಿಸಿದರೆ ಆ ನಷ್ಟ ಸಣ್ಣದು. ಉಡುಪಿ ಜಿಲ್ಲೆಯಲ್ಲೇ ಒಂದು ವರ್ಷ ಇದನ್ನು ಮಾಡಿ ನೋಡಲು ಯಾವ ಕಾನೂನಿನ ತಿದ್ದುಪಡಿಯೂ ಬೇಕಾಗಲಿಕ್ಕಿಲ್ಲ. ಮುಂದಿನ ಫಲಿತಾಂಶ ಬರುವ ಮೊದಲೇ ಮೂರೂ ತಾಲ್ಲೂಕುಗಳ ಶಾಸಕರು ಒಟ್ಟಾಗಿ ಕೇಳಬೇಕು.